ಬರಿಗೋವಿಯ ಕವಾಯತು: ಮದ್ದಿಲ್ಲದ ಶಸ್ತ್ರಶಿಕ್ಷಣದ ಚರಿತ್ರೆಯನ್ನು ಕುರಿತು ಒಂದು ವಿಚಾರ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಾರಿದ ಗುಂಡುಗಳನ್ನು ಲೆಕ್ಕ ಹಾಕುತ್ತಾರೆಯೇ ಹೊರತು ಹಾರದ ಗುಂಡುಗಳನ್ನಲ್ಲ. ಆದರೆ ಸೈನಿಕನೊಬ್ಬನ ಜೀವಮಾನವನ್ನು ತೆಗೆದುಕೊಂಡು ನೋಡಿದರೆ, ಅವನು ಶತ್ರುವಿನ ಮೇಲೆ ಕೋವಿಯನ್ನು ಹಾರಿಸಿದ ಸಂದರ್ಭಗಳು ಬೆರಳೆಣಿಕೆಯವು. ಬರಿಗೋವಿಯನ್ನು ಹಿಡಿದು, ಮದ್ದೂ ಗುಂಡೂ ಇಲ್ಲದೆ, ಟ್ರಿಗ್ಗರನ್ನು ಎಳೆದು ‘ಟಕ್’ ಎನಿಸಿದ ಸಂದರ್ಭಗಳು ಸಾವಿರಾರು. ಈ ‘ಟಕ್’ ಶಬ್ದಕ್ಕೂ ಒಂದು ಚರಿತ್ರೆಯುಂಟು. ಅದನ್ನು ಯಥಾಶಕ್ತಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದ ಕಡೆಗೆ ನಮ್ಮ ಮನಸ್ಸನ್ನು ತಿರುಗಿಸಿದ್ದು ಗ್ರಂಥವಲ್ಲ, ಒಂದು ಅಪಘಾತ. ನಾವು ಆಗಾಗ್ಗೆ ಹೋಗಿಬರುತ್ತಿದ್ದ ಒಂದು ಸಂಗ್ರಹಾಲಯದಲ್ಲಿ ಹಳೆಯ ಚಕಮಕಿ ಬಂದೂಕೊಂದು ಮೇಜಿನ ಮೇಲೆ ಬಹುಕಾಲದಿಂದ ತೆರೆದೇ ಇತ್ತು. ನೋಡಲು ಬಂದ ಹುಡುಗರು ಅದರ ಕುದುರೆಯನ್ನು ಹಿಂದಕ್ಕೆಳೆದು ಬಿಡುವುದು, ಅದು ಠಣ್ಣೆಂದು ಬೀಳುವುದನ್ನು ಕೇಳಿ ನಗುವುದು ವಾಡಿಕೆಯಾಗಿತ್ತು. ಕಾವಲುಗಾರನೂ ಅದನ್ನು ತಡೆಯುತ್ತಿರಲಿಲ್ಲ. ‘ಬರೀ ಕೋವಿ, ಏನಾಗುತ್ತೆ?’ ಎಂಬುದು ಅವನ ಸಮಾಧಾನ. ಒಂದು ದಿನ ಕುದುರೆಯ ಕುತ್ತಿಗೆ ಮುರಿದುಬಿತ್ತು. ಇನ್ನೂರು ವರ್ಷ ಬಾಳಿದ ಉಕ್ಕು ಹೀಗೆ ಮುರಿದದ್ದು ಏಕೆ ಎಂಬ ಪ್ರಶ್ನೆಯೊಡನೆ ನಮ್ಮ ಶೋಧನೆ ಆರಂಭವಾಯಿತು. ಅದೇ ಬಂದೂಕಿನ ವಿಷಯದಲ್ಲಿ ಮುಂದೆ ತಿಳಿದುಬಂದ ಸಂಗತಿಯನ್ನು ಅದರ ಸ್ಥಾನದಲ್ಲಿ ಹೇಳುವೆವು.

ಬರಿಗೋವಿಯ ಅಭ್ಯಾಸಕ್ಕೆ ಮೂಲಕಾರಣ ಮಿತವ್ಯಯ. ಮದ್ದು ಬೆಲೆಯುಳ್ಳ ವಸ್ತು, ಸೀಸವೂ ಹಾಗೆಯೇ. ಸಾವಿರಾರು ಜನರಿಗೆ ದಿನವೂ ಗುಂಡು ಹಾರಿಸಿ ಕಲಿಸುವಷ್ಟು ದ್ರವ್ಯ ಯಾವ ಅರಸನ ಬೊಕ್ಕಸದಲ್ಲಿಯೂ ಇರಲಿಲ್ಲ. ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಕೋವಿಯನ್ನು ತುಂಬುವುದು, ಎತ್ತುವುದು, ಹಾರಿಸುವುದು ಎಂಬ ಕ್ರಿಯೆಗಳು ಸಾಲಿನಲ್ಲಿ ನಿಂತ ಎಲ್ಲರಿಂದ ಒಂದೇ ಕಾಲಕ್ಕೆ ನಡೆಯಬೇಕಾದರೆ ಅವು ಬುದ್ಧಿಯಿಂದ ಕೈಗೆ ಇಳಿದಿರಬೇಕು. ನೆದರ್ಲೆಂಡ್ಸಿನಲ್ಲಿ ನಸ್ಸೌ ಮನೆತನದ ಮಾರಿಸ್ ಮತ್ತು ಅವನ ದಾಯಾದಿಗಳು 1590ರ ದಶಕದಲ್ಲಿ ಈ ತತ್ತ್ವವನ್ನು ವ್ಯವಸ್ಥಿತವಾಗಿ ಆಚರಣೆಗೆ ತಂದರು. ಯಾಕೋಬ್ ಡಿ ಗೇಯ್ನ್ ಎಂಬ ಚಿತ್ರಕಾರನು ರಚಿಸಿದ ಶಸ್ತ್ರಾಭ್ಯಾಸದ ಚಿತ್ರಪುಸ್ತಕವು 1607ರಲ್ಲಿ ಹೇಗ್ ನಗರದಲ್ಲಿ ಪ್ರಕಟವಾಯಿತು. ಅದರಲ್ಲಿ ಲಘುಕೋವಿಗೆ 42, ಮಸ್ಕೆಟ್ಟಿಗೆ 43, ಈಟಿಗೆ 32, ಒಟ್ಟು 117 ಚಿತ್ರಗಳಿವೆ. ಒಂದೊಂದು ಚಿತ್ರವೂ ಒಂದೊಂದು ಭಂಗಿ. ಒಂದೊಂದು ಭಂಗಿಗೂ ಒಂದು ಆಜ್ಞೆ. ಒಂದು ಗುಂಡು ಹಾರುವ ಮುನ್ನ ನಲವತ್ತಕ್ಕೂ ಮಿಕ್ಕ ಚಲನೆಗಳನ್ನು ಕಲಿಯಬೇಕಾಗಿದ್ದ ಸೈನಿಕನು ಅವನ್ನು ಬರಿಗೋವಿಯಲ್ಲಿಯೇ ಕಲಿತನೆಂಬುದು ಸ್ಪಷ್ಟ.

ಆ ಕಾಲದ ಕೋವಿ ಬತ್ತಿಯ ಕೋವಿ. ಟ್ರಿಗ್ಗರನ್ನು ಒತ್ತಿದರೆ ಉರಿಯುವ ಬತ್ತಿಯನ್ನು ಕಚ್ಚಿಕೊಂಡ ಕೊಕ್ಕೆಯು ನಿಧಾನವಾಗಿ ಬಗ್ಗಿ ಮದ್ದಿನ ಬಟ್ಟಲನ್ನು ಮುಟ್ಟುತ್ತಿತ್ತು. ಅಲ್ಲಿ ಬಡಿತವಿಲ್ಲ, ಆದ್ದರಿಂದ ಬರಿಯ ಅಭ್ಯಾಸದಿಂದ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ. ಅಪಾಯವೆಲ್ಲ ಮನುಷ್ಯನಿಗೆ: ಸೊಂಟದ ಸುತ್ತ ಮದ್ದಿನ ಡಬ್ಬಿಗಳು, ಕೈಯಲ್ಲಿ ಎರಡು ತುದಿಯೂ ಉರಿಯುವ ಬತ್ತಿ. ಬತ್ತಿಯನ್ನು ಹೊತ್ತಿಸದೆ ಅಭ್ಯಾಸ ಮಾಡಿದರೆ ಆ ಅಪಾಯವೂ ಹೋಯಿತು.

ಚಕಮಕಿ ಬಂದೂಕಿನೊಡನೆ ಸ್ಥಿತಿ ಬದಲಾಯಿತು. ಇಲ್ಲಿ ಕುದುರೆಯ ದವಡೆಯಲ್ಲಿ ಕಲ್ಲಿನ ಚೂರೊಂದನ್ನು ತೊಗಲಿನಲ್ಲಿ ಸುತ್ತಿ ತಿರುಪಿನಿಂದ ಬಿಗಿದಿರುತ್ತಾರೆ. ಬಲವಾದ ಸ್ಪ್ರಿಂಗಿನಿಂದ ಮುಂದಕ್ಕೆ ಹಾರುವ ಆ ಕಲ್ಲು ಎದುರಿನ ಉಕ್ಕಿನ ಫಲಕವನ್ನು ಉಜ್ಜಿ ಕಿಡಿ ಕಾರಬೇಕು. ಪ್ರತಿಯೊಂದು ಹೊಡೆತಕ್ಕೂ ಕಲ್ಲಿನ ಅಲಗು ಸ್ವಲ್ಪ ಒಡೆಯುತ್ತದೆ, ಫಲಕದ ಗಡಸು ಮೈ ಸ್ವಲ್ಪ ಸವೆಯುತ್ತದೆ. ದಿನವೂ ಕವಾಯತಿನಲ್ಲಿ ಹೀಗೆ ಬಡಿಸಿದರೆ ಯುದ್ಧದ ದಿನ ಕಿಡಿಯೇ ಬಾರದು. ಕಲ್ಲನ್ನು ತೆಗೆದುಬಿಟ್ಟರೆ ಹೇಗೆ? ಆಗ ಇನ್ನೂ ಕೇಡು. ಕಲ್ಲು ಫಲಕಕ್ಕೆ ತಾಗುವಾಗ ಸ್ಪ್ರಿಂಗಿನ ವೇಗದ ಬಹುಭಾಗ ಅಲ್ಲಿ ವ್ಯಯವಾಗುತ್ತದೆ. ಕಲ್ಲಿಲ್ಲದಿದ್ದರೆ ಆ ವೇಗವೆಲ್ಲವೂ ಕುದುರೆಯ ಕುತ್ತಿಗೆಯ ಮೇಲೆ, ಅದರ ಅಚ್ಚಿನ ಮೇಲೆ ಬೀಳುತ್ತದೆ. ಮೇಲೆ ಹೇಳಿದ ಸಂಗ್ರಹಾಲಯದ ಬಂದೂಕಿನ ಕುತ್ತಿಗೆ ಮುರಿದ ರಹಸ್ಯ ಇಷ್ಟೆ. ಹದಿನೆಂಟನೆಯ ಶತಮಾನದ ಸೈನ್ಯಗಳು ಇದಕ್ಕೆ ಕಂಡುಕೊಂಡ ಉಪಾಯ ಅತಿ ಸರಳವಾದುದು: ಕವಾಯತಿನ ವೇಳೆ ಕಲ್ಲಿಗೆ ಬದಲಾಗಿ ಅದೇ ಅಳತೆಯ ಮರದ ತುಂಡೊಂದನ್ನು ದವಡೆಗೆ ಸಿಕ್ಕಿಸುವುದು. ಮರ ಫಲಕವನ್ನು ತಳ್ಳುತ್ತದೆ, ಆದರೆ ಕೆರೆಯುವುದಿಲ್ಲ; ಹೊಡೆತವನ್ನು ಹೀರುತ್ತದೆ; ಕಿಡಿಯನ್ನು ಕೊಡುವುದಿಲ್ಲವಾಗಿ ಮರೆತು ತುಂಬಿದ ಕೋವಿ ಹಾರುವ ಭಯವೂ ಕಡಿಮೆ. ಒಂದು ಕಾಸಿನ ಮರದ ಚೂರು ಆಯುಧವನ್ನೂ ಮನುಷ್ಯನನ್ನೂ ಏಕಕಾಲದಲ್ಲಿ ಕಾಯುತ್ತಿತ್ತು. ಮುಂದಿನ ಇನ್ನೂರು ವರ್ಷಗಳಲ್ಲಿ ಕಂಡುಹಿಡಿದ ಸಾಧನಗಳೆಲ್ಲವೂ ಈ ಮರದ ಚೂರಿನ ಮಕ್ಕಳು ಮೊಮ್ಮಕ್ಕಳೆಂದರೆ ತಪ್ಪಾಗಲಾರದು.

ನಮ್ಮ ನಾಡಿನ ಸಂಬಂಧವನ್ನು ಇಲ್ಲಿ ಸ್ಮರಿಸಬಹುದು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಜೈನುಲ್ ಆಬಿದೀನ್ ಶುಸ್ತರಿಯು ರಚಿಸಿದ ‘ಫತ್ಹುಲ್ ಮುಜಾಹಿದೀನ್’ ಎಂಬ ಪಾರಸಿಕ ಗ್ರಂಥವು ಸೈನ್ಯದ ಕವಾಯತನ್ನೂ ನಿಯಮಗಳನ್ನೂ ಕ್ರಮಪಡಿಸಿದ ಕೃತಿ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಸಿದ್ಧವಾದ ಚಕಮಕಿ ಬಂದೂಕುಗಳ ಮೇಲೆ ಹುಲಿಯ ಪಟ್ಟೆಯ ಅಲಂಕರಣವಿರುತ್ತಿತ್ತು. ಕೆಲವುಗಳಲ್ಲಿ ಕುದುರೆಯೇ ಹುಲಿಯ ಆಕಾರವನ್ನು ತಾಳಿರುವುದುಂಟು. ‘ಕುದುರೆ’ ಎಂದು ನಾವು ಕರೆಯುವ ಭಾಗವನ್ನು ಆ ಶಿಲ್ಪಿಗಳು ಹುಲಿಯನ್ನಾಗಿಸಿದರೆಂಬುದು ಒಂದು ಸ್ವಾರಸ್ಯ. 1799ರ ತರುವಾಯ ಈ ಬಂದೂಕುಗಳು ಇಂಗ್ಲೆಂಡಿನ ಸಂಗ್ರಹಗಳಿಗೆ ಹಂಚಿಹೋದವು. ಅವನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಪಡೆದವರು ಕುದುರೆಯನ್ನು ಎಳೆದು ಬಿಡುವ ಚಾಪಲ್ಯಕ್ಕೆ ಒಳಗಾಗಬಾರದೆಂದು ನಮ್ಮ ಪ್ರಾರ್ಥನೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಕೇಪಿನ ಬಂದೂಕು ಬಂತು. ನಳಿಗೆಯ ಬುಡದಲ್ಲಿ ಸಣ್ಣ ರಂಧ್ರವುಳ್ಳ ಉಕ್ಕಿನ ತೊಟ್ಟು. ಅದರ ಮೇಲೆ ತಾಮ್ರದ ಕೇಪು. ಕುದುರೆ ಬಿದ್ದಾಗ ಕೇಪು ಸಿಡಿದು ಬೆಂಕಿ ಒಳಗಿಳಿಯುತ್ತದೆ. ಕೇಪಿಲ್ಲದೆ ಕುದುರೆಯನ್ನು ಬೀಳಿಸಿದರೆ ಗಡಸು ಉಕ್ಕು ಗಡಸು ಉಕ್ಕನ್ನೇ ಬಡಿಯುತ್ತದೆ. ತೊಟ್ಟಿನ ತಲೆ ಚಪ್ಪಟೆಯಾಗಿ, ಅಂಚು ಹೊರಳಿ, ಕೇಪು ಸರಿಯಾಗಿ ಕೂರದೆ ಹೋಗುತ್ತದೆ, ರಂಧ್ರವೂ ಮುಚ್ಚಿಕೊಳ್ಳಬಹುದು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿಗೆ ಆದ್ದರಿಂದಲೇ ಒಂದು ಪುಟ್ಟ ಉಪಕರಣವನ್ನು ಜೊತೆಗೆ ಕೊಡುತ್ತಿದ್ದರು: ತೊಗಲಿನ ಮೆತ್ತೆಯಿದ್ದ ಒಂದು ಲೋಹದ ಟೋಪಿ; ಅದು ಕಳೆದುಹೋಗದಂತೆ ಸಣ್ಣ ಸರಪಳಿಯಿಂದ ಕೋವಿಗೇ ಕಟ್ಟಿರುತ್ತಿತ್ತು. ಕುದುರೆ ತೊಗಲಿನ ಮೇಲೆ ಬೀಳುತ್ತಿತ್ತು, ತೊಟ್ಟು ಉಳಿಯುತ್ತಿತ್ತು. ಇದನ್ನು ‘ಸ್ನ್ಯಾಪ್ ಕ್ಯಾಪ್’ ಎಂದರು. ಇಂದಿಗೂ ತೋಟೆಯ ಆಕಾರದ ಅಭ್ಯಾಸಸಾಧನಕ್ಕೆ ಅದೇ ಹೆಸರು ಉಳಿದಿದೆ. ಹೆಸರಿನಲ್ಲಿ ಕ್ಯಾಪ್ ಇದೆ, ವಸ್ತುವಿನಲ್ಲಿ ಕ್ಯಾಪ್ ಇಲ್ಲ. ಈ ವಿರೋಧಾಭಾಸದ ಮೂಲ ಆ ಸರಪಳಿಯ ತುದಿಯಲ್ಲಿದ್ದ ಟೋಪಿ.

ಇಂಗ್ಲೆಂಡಿನ ಹೈಥ್ ಎಂಬ ಊರಿನಲ್ಲಿ 1853ರಲ್ಲಿ ಸ್ಥಾಪಿತವಾದ ಬಂದೂಕುಶಾಲೆಯು ಈ ಶಿಕ್ಷಣಕ್ಕೆ ಶಾಸ್ತ್ರರೂಪವನ್ನು ಕೊಟ್ಟಿತು. ಹಳೆಯ ನುಣುಪು ನಳಿಗೆಯ ಬಂದೂಕಿನಲ್ಲಿ ಗುರಿಯ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ; ನೂರು ಗಜದಾಚೆ ಗುಂಡು ಎಲ್ಲಿ ಬೀಳುವುದೆಂದು ಹಾರಿಸಿದವನಿಗೂ ತಿಳಿಯದು. ಗೀರುಗಳುಳ್ಳ ಹೊಸ ನಳಿಗೆಯಾದರೋ ನೂರಾರು ಗಜಗಳ ದೂರಕ್ಕೆ ಹೊಡೆಯಬಲ್ಲದು. ಆದ್ದರಿಂದ ಕಣ್ಣಿಗೂ ಬೆರಳಿಗೂ ಶಿಕ್ಷಣ ಬೇಕಾಯಿತು. ಕರ್ನಲ್ ಹೇ ಎಂಬ ಮುಖ್ಯಾಧಿಕಾರಿಯ ಕೈಕೆಳಗೆ ರೂಪುಗೊಂಡ ಕ್ರಮದಲ್ಲಿ ಮೊದಲು ಗುರಿಯಿಡುವ ಪಾಠ, ಅನಂತರ ಭಂಗಿಯ ಪಾಠ, ಅನಂತರ ಬರಿಯ ಕೇಪನ್ನು ಸಿಡಿಸುವ ಪಾಠ, ಅದರ ಮೇಲೆ ಗುಂಡಿಲ್ಲದ ತೋಟೆಯ ಪಾಠ. ಇಷ್ಟೆಲ್ಲ ಮುಗಿದ ಮೇಲೆಯೇ ನಿಜವಾದ ಗುಂಡು. ಇವುಗಳಲ್ಲಿ ಕೇಪಿನ ಪಾಠ ಅತ್ಯಂತ ರಮ್ಯವಾದುದು. ನಳಿಗೆಯ ಬಾಯಿಂದ ಸ್ವಲ್ಪ ದೂರದಲ್ಲಿ ಉರಿಯುವ ಮೇಣದ ಬತ್ತಿಯನ್ನಿಟ್ಟು, ಅದರ ಜ್ವಾಲೆಗೆ ಗುರಿಯಿಟ್ಟು ಕೇಪನ್ನು ಸಿಡಿಸಬೇಕು. ಕೇಪಿನ ಗಾಳಿ ನಳಿಗೆಯಲ್ಲಿ ಹಾದು ದೀಪವನ್ನು ಆರಿಸಿದರೆ ಗುರಿ ಸರಿ. ಕೈ ಅದುರಿದ್ದರೆ ದೀಪ ಉರಿಯುತ್ತಲೇ ಇರುತ್ತದೆ. ಗುಂಡಿಲ್ಲದೆಯೂ ತಪ್ಪನ್ನು ಕಣ್ಣಿಗೆ ಕಾಣಿಸುವ ಇಂಥ ಪರೀಕ್ಷೆಯನ್ನು ಯಾರು ಕಲ್ಪಿಸಿದರೋ, ಅವರು ಒಳ್ಳೆಯ ಉಪಾಧ್ಯಾಯರಾಗಿದ್ದಿರಬೇಕು.

ಈ ಶಿಕ್ಷಣಕ್ರಮವೇ ಭಾರತಕ್ಕೆ ಬಂದು, 1857ರ ಆರಂಭದಲ್ಲಿ ಡಮ್‌ಡಮ್, ಅಂಬಾಲ, ಸಿಯಾಲಕೋಟೆಗಳ ಬಂದೂಕುಶಾಲೆಗಳಲ್ಲಿ ಕಾಣಿಸಿಕೊಂಡಿತು. ಬೇರೆ ಬೇರೆ ದಳಗಳಿಂದ ಆರಿಸಿದ ಸಿಪಾಯಿಗಳು ಅಲ್ಲಿ ಹೊಸ ಎನ್‌ಫೀಲ್ಡಿನ ಪಾಠವನ್ನು ಕಲಿಯಲು ಸೇರಿದ್ದರು. ಮುಂದಿನ ಕಥೆ ಶಾಲಾಬಾಲಕರಿಗೂ ತಿಳಿದಿದೆ. ಆದರೆ ನಮ್ಮ ವಿಷಯದ ದೃಷ್ಟಿಯಿಂದ ನೋಡಿದಾಗ ಅದರಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದಂಶವಿದೆ. ಸಿಪಾಯಿಗಳ ಆಕ್ಷೇಪವಿದ್ದದ್ದು ಕೋವಿಯ ಮೇಲಲ್ಲ, ಬರಿಗೋವಿಯ ಕವಾಯತಿನ ಮೇಲೂ ಅಲ್ಲ. ಹಲ್ಲಿನಿಂದ ಕಚ್ಚಬೇಕಾಗಿದ್ದ, ಕೊಬ್ಬು ಸವರಿದೆಯೆಂಬ ಸಂದೇಹಕ್ಕೆ ಗುರಿಯಾಗಿದ್ದ ತೋಟೆಯ ಕಾಗದದ ಮೇಲೆ. ಕವಾಯತು ತೋಟೆಯನ್ನು ಮುಟ್ಟುವವರೆಗೂ ಅದು ಕೈಯ ವಿಷಯ. ಮುಟ್ಟಿದ ಕೂಡಲೇ ಅದು ಧರ್ಮದ, ಜಾತಿಯ, ಮಾನದ ವಿಷಯವಾಯಿತು.

ಮೀರತ್ತಿನ ಘಟನೆಯನ್ನು ಪರಿಶೀಲಿಸಿದರೆ ಇದು ಇನ್ನೂ ಸ್ಫುಟವಾಗುತ್ತದೆ. 1857ರ ಏಪ್ರಿಲ್ 24 ರಂದು ಮೂರನೆಯ ಲಘು ಅಶ್ವದಳದ ಕರ್ನಲ್ ಕಾರ್ಮೈಕೇಲ್ ಸ್ಮಿತ್ ತನ್ನ ದಳದ 90 ಜನರನ್ನು ಕವಾಯತಿಗೆ ಕರೆದನು. ಅವರಿಗೆ ಕೊಡಹೊರಟದ್ದು ಎನ್‌ಫೀಲ್ಡಿನ ತೋಟೆಗಳಲ್ಲ. ಅವರು ಬಹುಕಾಲದಿಂದ ಬಳಸಿದ್ದ ಮಾದರಿಯವು, ಅದೂ ಗುಂಡಿಲ್ಲದವು. ಕಚ್ಚುವ ಬದಲು ಕೈಯಿಂದ ಹರಿಯುವ ಹೊಸ ಕ್ರಮವನ್ನು ತೋರಿಸಿ ಸಂದೇಹವನ್ನು ನೀಗುವುದೇ ಆ ಕವಾಯತಿನ ಉದ್ದೇಶವೆಂದು ಕರ್ನಲನು ಹೇಳಿಕೊಂಡನು. 85 ಜನ ಮುಟ್ಟಲೊಲ್ಲೆವೆಂದರು. ಸೈನಿಕ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರಿಗೆ ಹತ್ತು ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸಿತು. ಮೇ 9 ರಂದು ದಂಡಿನೆದುರಿನಲ್ಲಿ ಅವರ ಸಮವಸ್ತ್ರವನ್ನು ಕಳಚಿ ಬೇಡಿ ತೊಡಿಸಲಾಯಿತು. ಮರುದಿನ, ಭಾನುವಾರ ಸಂಜೆ, ಮೀರತ್ ಹೊತ್ತಿಕೊಂಡಿತು. ಯಾರನ್ನೂ ಕೊಲ್ಲಲಾರದ ತೋಟೆಗಳ ಕವಾಯತೊಂದು ಇಡೀ ಉತ್ತರ ಹಿಂದೂಸ್ಥಾನವನ್ನು ಉರಿಸಿದ ದಂಗೆಯ ಬಾಗಿಲಾಯಿತು. ಅಭ್ಯಾಸವು ‘ಬರಿಯದು’ ಎಂದು ಅಧಿಕಾರಿಯು ತಿಳಿದಿದ್ದನು. ಅಭ್ಯಾಸ ಮಾಡುವವನ ಮನಸ್ಸಿನಲ್ಲಿ ಅದು ಬರಿಯದಾಗಿರಲಿಲ್ಲ. ದಂಗೆಯ ಕಾರಣಗಳು ಇದಕ್ಕಿಂತ ಆಳವಾದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಂದಾಯ, ರಾಜ್ಯಗಳ ಅಪಹರಣ, ಸಂಬಳದ ಅಸಮಾಧಾನ ಮುಂತಾದುವು ಈಗಾಗಲೇ ವಿದ್ವಾಂಸರಿಂದ ಚರ್ಚಿತವಾಗಿವೆ.

ಇದಕ್ಕೆ ಆರು ವರ್ಷಗಳ ತರುವಾಯ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಬೇರೊಂದು ಪಾಠವನ್ನು ಕಲಿಸುತ್ತದೆ. 1863ರ ಜುಲೈ 1 ರಿಂದ 3 ರವರೆಗೆ ನಡೆದ ಗೆಟಿಸ್ಬರ್ಗ್ ಯುದ್ಧದ ತರುವಾಯ ರಣರಂಗದಲ್ಲಿ ಬಿದ್ದಿದ್ದ 27,574 ಬಂದೂಕುಗಳನ್ನು ಒಟ್ಟುಮಾಡಿದಾಗ ಸುಮಾರು 24,000 ಬಂದೂಕುಗಳು ತುಂಬಿದ ಸ್ಥಿತಿಯಲ್ಲಿದ್ದುವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ತೋಟೆಗಳಿದ್ದುವೆಂದೂ, ಒಂದರಲ್ಲಿ 23 ತೋಟೆಗಳು ಒಂದರ ಮೇಲೊಂದು ಕೂತಿದ್ದುವೆಂದೂ ಶಸ್ತ್ರಾಗಾರದ ಲೆಕ್ಕದಿಂದ ತಿಳಿದುಬರುತ್ತದೆ. ಇದರ ಅರ್ಥವೇನೆಂಬ ವಿಷಯದಲ್ಲಿ ಏಕಮತವಿಲ್ಲ. ಕೊಲ್ಲಲು ಮನಸ್ಸು ಬಾರದವರು ತುಂಬುತ್ತಲೇ ಇದ್ದರೆಂದು ಕೆಲವರು. ತೊಟ್ಟಿನ ರಂಧ್ರ ಕಟ್ಟಿಕೊಂಡು ಕೇಪು ಮಾತ್ರ ಸಿಡಿದದ್ದು ಗದ್ದಲದಲ್ಲಿ ತಿಳಿಯಲಿಲ್ಲವೆಂದು ಕೆಲವರು. ಎರಡನೆಯದೇ ನಮಗೆ ಹೆಚ್ಚು ಸಂಭವನೀಯವಾಗಿ ತೋರುತ್ತದೆ. ತುಂಬುವ ಚಲನೆಗಳನ್ನು ಸಾವಿರ ಸಾರಿ ಬರಿಗೋವಿಯಲ್ಲಿ ಮಾಡಿದ ಕೈ ಭಯದಲ್ಲಿಯೂ ಅದನ್ನೇ ಮಾಡುತ್ತದೆ. ಆದರೆ ಕೋವಿ ಹಾರಿದಾಗ ಹೆಗಲಿಗೆ ಬೀಳುವ ಒದೆತವನ್ನು ಬರಿಗೋವಿ ಎಂದೂ ಕಲಿಸಿರುವುದಿಲ್ಲ. ಆ ಒದೆತದ ಅರಿವಿಲ್ಲದವನಿಗೆ ಅದರ ಅಭಾವವೂ ಅರಿವಾಗುವುದಿಲ್ಲ. ಬರಿಗೋವಿಯ ಅಭ್ಯಾಸದ ಮಿತಿ ಇದೇ ಆಗಿದೆ.

ಲೋಹದ ತೋಟೆಗಳ ಕಾಲ ಬಂದಮೇಲೆ ಬಡಿಯುವ ಕುದುರೆಯ ಕೆಲಸವನ್ನು ಒಳಗಿನ ಸೂಜಿಯೊಂದು ವಹಿಸಿಕೊಂಡಿತು. ಸೂಜಿಗೆ ಎದುರಾಗಿ ತೋಟೆಯ ಮೆದುವಾದ ಕೇಪಿದ್ದರೆ ಅದು ಮೆತ್ತೆಯಂತೆ ಹೊಡೆತವನ್ನು ತಾಳುತ್ತದೆ. ಇಲ್ಲದಿದ್ದರೆ ಏನಾಗುವುದೆಂಬುದು ಕೋವಿಯ ರಚನೆಯನ್ನು ಅವಲಂಬಿಸಿದೆ. ಲೀ-ಎನ್‌ಫೀಲ್ಡಿನಂಥ ಸೈನ್ಯದ ರೈಫಲುಗಳು ಬರಿಯ ಹೊಡೆತವನ್ನು ಬಹುಮಟ್ಟಿಗೆ ಸಹಿಸುತ್ತವೆ. ಹಳೆಯ ಜೋಡಿನಳಿಗೆಯ ಬೇಟೆಕೋವಿಗಳ ಸೂಜಿ ಮುರಿಯುವ ಸಂಭವವುಂಟು. ಎಲ್ಲಕ್ಕಿಂತ ಹೆಚ್ಚಿನ ಕೇಡು ಪಾಯಿಂಟ್ ಇಪ್ಪತ್ತೆರಡರ ಚಿಕ್ಕ ರೈಫಲಿಗೆ. ಅದರ ತೋಟೆಯ ಸಿಡಿಮದ್ದು ನಡುವಿನಲ್ಲಿಲ್ಲ, ಅಂಚಿನಲ್ಲಿದೆ. ಆದ್ದರಿಂದ ಸೂಜಿಯೂ ಅಂಚಿಗೆ ಹೊಡೆಯುತ್ತದೆ. ತೋಟೆಯಿಲ್ಲದಾಗ ಅದು ನಳಿಗೆಯ ಬುಡದ ಅಂಚನ್ನೇ ಕುಟ್ಟಿ ಹಳ್ಳ ಮಾಡುತ್ತದೆ, ತರುವಾಯ ತೋಟೆಗಳು ಸಲೀಸಾಗಿ ಒಳಹೋಗವು, ಹೊರಬಾರವು. ಇದನ್ನು ತಡೆಯುವ ರಚನೆ ಕೆಲವು ಇತ್ತೀಚಿನ ರೈಫಲುಗಳಲ್ಲಿ ಉಂಟಾದರೂ, ತಯಾರಕರು ಸಮ್ಮತಿಸಿದ್ದಾರೆಯೇ ಎಂದು ನೋಡದೆ ಬರಿಗೋವಿಯನ್ನು ಹೊಡೆಯಬಾರದು.

ನಾವು ವಿದ್ಯಾರ್ಥಿಗಳಾಗಿದ್ದಾಗ 1948ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೆಡೆಟ್ ದಳದಲ್ಲಿ ಈ ಪಾಠವನ್ನು ಕಿವಿ ಹಿಂಡಿಸಿಕೊಂಡೇ ಕಲಿತೆವು. ‘ಡಿ.ಪಿ.’ ಎಂಬ ಅಕ್ಷರಗಳನ್ನು ಒತ್ತಿದ್ದ ಕವಾಯತಿನ ರೈಫಲುಗಳನ್ನು ಎಷ್ಟು ಬೇಕಾದರೂ ಕುಟ್ಟಬಹುದಾಗಿತ್ತು; ಚಿಕ್ಕ ರೈಫಲಿನ ಟ್ರಿಗ್ಗರಿಗೆ ಸುಮ್ಮನೆ ಬೆರಳು ಹೋದರೆ ಹವಾಲ್ದಾರರ ಕಣ್ಣು ಕೆಂಪಾಗುತ್ತಿತ್ತು.

ಸೈನ್ಯದಲ್ಲಿ ಬಳಸುತ್ತಿದ್ದ ಕವಾಯತಿನ ತೋಟೆಗಳನ್ನು ನಿಜವಾದ ತೋಟೆಗಳಿಂದ ಬೇರ್ಪಡಿಸಲು ಪಟ್ಟ ಶ್ರಮವನ್ನು ಇಲ್ಲಿ ಗಮನಿಸಬೇಕು. ಅವುಗಳ ಮೈಗೆ ಉದ್ದುದ್ದ ಕಾಲುವೆಗಳನ್ನು ತೋಡಿ ಕೆಂಪು ಬಣ್ಣ ಹಚ್ಚುತ್ತಿದ್ದರು, ಅಥವಾ ತೂತು ಕೊರೆಯುತ್ತಿದ್ದರು. ಹಗಲಿನಲ್ಲಿ ಕಣ್ಣಿಗೆ, ಕತ್ತಲೆಯಲ್ಲಿ ಬೆರಳಿಗೆ ಅದು ಬೇರೆಯೆಂದು ತಿಳಿಯಬೇಕು. ಇಷ್ಟು ಎಚ್ಚರಿಕೆ ಏಕೆಂಬುದು ‘ಕಣ್ಣಿನ ಬಿಲ್ಲೆ’ಯ ಪಾಠವನ್ನು ನೆನೆದರೆ ಅರ್ಥವಾಗುತ್ತದೆ. ಶಿಕ್ಷಕನು ನಡುವೆ ಸಣ್ಣ ರಂಧ್ರವುಳ್ಳ ಬಿಲ್ಲೆಯೊಂದನ್ನು ತನ್ನ ಕಣ್ಣಿಗೆ ಹಿಡಿದು ಎದುರಿಗೆ ಮಲಗುತ್ತಾನೆ. ಶಿಷ್ಯನು ಆ ರಂಧ್ರಕ್ಕೆ, ಎಂದರೆ ಗುರುವಿನ ಕಣ್ಣಿಗೇ, ಗುರಿಯಿಟ್ಟು ಟ್ರಿಗ್ಗರನ್ನು ಎಳೆಯುತ್ತಾನೆ. ನಳಿಗೆ ಅಲುಗಿತೇ ಇಲ್ಲವೇ ಎಂದು ಗುರು ಆ ರಂಧ್ರದಿಂದಲೇ ಕಂಡುಕೊಳ್ಳುತ್ತಾನೆ. ರೈಫಲನ್ನೂ ತೋಟೆಗಳನ್ನೂ ಶಿಕ್ಷಕನು ಸ್ವತಃ ಪರೀಕ್ಷಿಸಿದ ಮೇಲೆಯೇ ಈ ಪಾಠ ನಡೆಯಬೇಕೆಂಬ ನಿಯಮವಿತ್ತು. ನಿಯಮವನ್ನು ಬರೆದವನಿಗೂ ಮೈ ಜುಮ್ಮೆಂದಿರಬೇಕು. ಮನುಷ್ಯನ ಕಡೆಗೆ ನಳಿಗೆಯನ್ನು ತಿರುಗಿಸದೆ ಕಲಿಸುವ ಮಾರ್ಗಗಳು ಎಷ್ಟೋ ಇರುವಾಗ ಇದನ್ನು ನಾವು ಮೆಚ್ಚಲಾರೆವು.

ಆದರೆ ಫಲವೇನೆಂಬುದನ್ನು 1914 ತೋರಿಸಿತು. ಮುನ್ನೂರು ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ ಹದಿನೈದು ಗುಂಡುಗಳನ್ನು ಹೊಡೆಯಬೇಕೆಂಬ ಬ್ರಿಟಿಷ್ ಕಾಲ್ದಳದ ಪರೀಕ್ಷೆಯ ಹಿಂದೆ, ಬೋಲ್ಟನ್ನು ಎಳೆಯುವ, ಕವಾಯತಿನ ತೋಟೆಗಳನ್ನು ತುಂಬುವ ದೀರ್ಘ ಅಭ್ಯಾಸವಿತ್ತು. ಅದೇ ವರ್ಷದ ಶರತ್ಕಾಲದಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಸೈನಿಕರಿಗೆ ಇಂಥ ಅವಕಾಶವೇ ದೊರೆಯಲಿಲ್ಲ. ತಾವು ಪಳಗಿದ್ದ ರೈಫಲುಗಳನ್ನು ಅಲ್ಲಿ ಒಪ್ಪಿಸಿ, ಹೊಸ ಮಾದರಿಯ ಮದ್ದುಗುಂಡಿಗೆ ತಕ್ಕ ಹೊಸ ರೈಫಲುಗಳನ್ನು ಹಿಡಿದು, ಅಕ್ಟೋಬರ್ ಮುಗಿಯುವ ಮುನ್ನವೇ ಅವರು ಫ್ಲಾಂಡರ್ಸಿನ ಕಂದಕಗಳಲ್ಲಿದ್ದರು. ಕೈಗೆ ಹೊಂದದ ಆಯುಧದೊಡನೆ ಅವರು ತೋರಿದ ಸ್ಥೈರ್ಯವನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯಬಾರದು.

ನೌಕಾಬಲದಲ್ಲಿಯೂ ಇದೇ ತತ್ತ್ವ ಕೆಲಸಮಾಡಿತು. ಪರ್ಸಿ ಸ್ಕಾಟ್ ಎಂಬ ಕಪ್ಪಲಿನ ಕಪ್ತಾನನು, ಗುಂಡು ಹಾರಿಸದೆ ಚಲಿಸುವ ಪುಟ್ಟ ಗುರಿಯ ಮೇಲೆ ಪೆನ್ಸಿಲಿನ ಚುಕ್ಕೆ ಬೀಳುವ ಯಂತ್ರವೊಂದನ್ನು ರಚಿಸಿ ತನ್ನ ಗೋಲಂದಾಜರನ್ನು ಪಳಗಿಸಿದನು. 1899ರಲ್ಲಿ ಅವನ ‘ಸಿಲ್ಲಾ’ ಎಂಬ ಹಡಗು 70 ಗುಂಡುಗಳಲ್ಲಿ 56ನ್ನು ಗುರಿಗೆ ಮುಟ್ಟಿಸಿತು.

ಕೊಡಗಿನ ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಉಚಿತವಲ್ಲ. 1861ರಿಂದ ಶಸ್ತ್ರಶಾಸನದ ವಿನಾಯಿತಿಯನ್ನು ಪಡೆದಿರುವ ಆ ನಾಡಿನಲ್ಲಿ ಕೋವಿಯು ಮನೆಯ ವಸ್ತು. ಗದ್ದೆಯ ಕೆಲಸದ ತಿಂಗಳುಗಳಲ್ಲಿ ಅದನ್ನು ಮುಟ್ಟದೆ ಇರಿಸಿ, ಕೈಲ್‌ಪೊಳ್ದ್ ಹಬ್ಬದಂದು ಶುಚಿಮಾಡಿ, ತೋಕ್ ಪೂ ಮುಡಿಸಿ ಪೂಜಿಸಿ, ಅನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅಲ್ಲಿನ ಸಂಪ್ರದಾಯ. ಅಲ್ಲಿನ ಹಿರಿಯರೊಬ್ಬರು ಜೋಡಿನಳಿಗೆಯ ಕೋವಿಯ ಕುದುರೆಗಳನ್ನು ಇಳಿಸುವಾಗ ಹಾರಿಸಿದ ಹಳೆಯ ತೋಟೆಗಳನ್ನು ಒಳಗಿಡುತ್ತಿದ್ದುದನ್ನು ನಾವು ಕಂಡೆವು. ಕಾರಣ ಕೇಳಿದಾಗ, ‘ಬರಿದೇ ಬಡಿಸಿದರೆ ಸೂಜಿಗೆ ನೋವು’ ಎಂದರು. ಉಪಾಯ ಒಳ್ಳೆಯದೆ, ಹಾರಿದ ಕೇಪು ಒಮ್ಮೆ ತಗ್ಗಿದ ಮೇಲೆ ಮೆತ್ತೆಯಾಗಿ ಹೆಚ್ಚು ಕಾಲ ಉಳಿಯದು. ಆದರೆ ಹಾರಿದ ತೋಟೆಯೂ ಹಾರದ ತೋಟೆಯೂ ಒಂದೇ ಜೇಬಿನಲ್ಲಿ ಸೇರಿದರೆ ಅವಸರದ ಬೆರಳಿಗೆ ವ್ಯತ್ಯಾಸ ತಿಳಿಯದಿರಬಹುದೆಂಬ ನಮ್ಮ ಸಂದೇಹವನ್ನು ಅವರ ಮುಂದಿಟ್ಟೆವು. ಅವರು ನಕ್ಕು, ಹಾರಿದ ತೋಟೆಗಳಿಗೆ ಸುತ್ತಲೂ ಬಿಳಿಯ ಸುಣ್ಣದ ಗೆರೆ ಎಳೆದಿದ್ದುದನ್ನು ತೋರಿಸಿದರು. ಸೈನ್ಯದ ಕೆಂಪು ಕಾಲುವೆಗಳಿಗೂ ಈ ಸುಣ್ಣದ ಗೆರೆಗೂ ತತ್ತ್ವದಲ್ಲಿ ಭೇದವಿಲ್ಲ. ಇಂದಿನ ಶಿಕ್ಷಕರು ಇನ್ನೊಂದನ್ನು ಸೇರಿಸುತ್ತಾರೆ: ಜೀವಂತ ತೋಟೆಗಳು ಅಭ್ಯಾಸದ ಕೋಣೆಯಲ್ಲಿಯೇ ಇರಕೂಡದು, ನಳಿಗೆ ಗುಂಡನ್ನು ತಡೆಯಬಲ್ಲ ಗೋಡೆಯ ಕಡೆಗೇ ಇರಬೇಕು, ಅಭ್ಯಾಸ ಮುಗಿಯಿತೆಂದು ಹೇಳಿ ಕೋವಿಯನ್ನು ತುಂಬಿದ ಮೇಲೆ ‘ಇನ್ನೊಂದೇ ಸಾರಿ’ ಎಂದು ಕೈ ಹಾಕಕೂಡದು. ಅಪಘಾತದ ಘಳಿಗೆ ಅದೇ.

ಸಂಗ್ರಹಾಲಯದ ಬಂದೂಕಿನ ಮಾತು ಉಳಿದಿದೆ. ಮುರಿದ ಕುದುರೆಯನ್ನು ಸರಿಪಡಿಸಲು ಬಂದ ಕುಶಲಿಯು ಮೊದಲು ಮಾಡಿದ ಕೆಲಸವೆಂದರೆ ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಬಾಯಿಯ ಬಳಿ ಗುರುತು ಮಾಡಿ, ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಯ ಪಕ್ಕಕ್ಕೆ ಹಿಡಿದದ್ದು. ಕಡ್ಡಿಯ ತುದಿ ಕಿವಿರಂಧ್ರಕ್ಕೆ ನಾಲ್ಕು ಬೆರಳು ಮುಂಚೆಯೇ ನಿಂತಿತು. ಒಳಗೆ ನೀರು ಹನಿಸಿ ನೆನೆಯಬಿಟ್ಟು, ತಿರುಪುಗೊಕ್ಕೆಯಿಂದ ಎಳೆದಾಗ ನಾರಿನ ಉಂಡೆ, ಅದರ ಹಿಂದೆ ಸೀಸದ ಗುಂಡು, ಅದರ ಹಿಂದೆ ಗಟ್ಟಿಗಟ್ಟಿದ ಕರಿಯ ಮದ್ದು ಹೊರಬಂದವು. ಹುಡುಗರು ಇಷ್ಟು ವರ್ಷ ಆಡುತ್ತಿದ್ದುದು ತುಂಬಿದ ಬಂದೂಕಿನೊಡನೆ. ಕುದುರೆಯ ದವಡೆಯಲ್ಲಿ ಕಲ್ಲಿರಲಿಲ್ಲ, ಬಟ್ಟಲಿನಲ್ಲಿ ಮದ್ದಿರಲಿಲ್ಲ, ಅಷ್ಟರಿಂದಲೇ ಉಳಿದರು. ಈಗ ಆ ಬಂದೂಕು ಗಾಜಿನ ಪೆಟ್ಟಿಗೆಯಲ್ಲಿದೆ. ಹೊಸದಾಗಿ ಬೆಸೆದ ಕುದುರೆಯ ದವಡೆಗೆ ಕುಶಲಿಯು ಹಲಸಿನ ಮರದ ತುಂಡೊಂದನ್ನು ಕೆತ್ತಿ ಸಿಕ್ಕಿಸಿದ್ದಾನೆ. ಅದಕ್ಕೆ ಹಿಂದಿನ ಸೈನ್ಯಗಳ ಆಧಾರವುಂಟೆಂದು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಅವನು ಅದನ್ನು ತನ್ನ ತಂದೆಯಿಂದ ಕಲಿತಿದ್ದನು.